ಬಾಗಿಲು ಯಾರ ಕೈಯಲ್ಲಿದೆ? ಶಾಲೆಯ ಕಟ್ಟಡ ಮತ್ತು ಹೊಸ ಬಗೆಯ ಕಲಿಕೆ

ಹಳೇ ಕಾಲದ ತರಗತಿಯ ಫೋಟೋ ಎಲ್ಲಾದರೂ ಸಿಕ್ಕರೆ ಒಂದು ವಿಷಯ ಗಮನಿಸಿ. ಹೆಚ್ಚಿನ ಫೋಟೋಗಳಲ್ಲಿ ಕಿಟಕಿಗಳು ಮಕ್ಕಳ ಎಡಗಡೆ ಇರುತ್ತವೆ. ಇದು ಸುಮ್ನೆ ಆಗಿದ್ದಲ್ಲ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಹಾಳೆಯ ಮೇಲೆ ಬೀಳುವುದಿಲ್ಲ. ಲಂಡನ್ನಿನ ಶಾಲಾ ಮಂಡಳಿಗೆ ಕಟ್ಟಡಗಳ ಮೇಲೆ ಕಟ್ಟಡ ಕಟ್ಟಿಸಿದ ವಾಸ್ತುಶಿಲ್ಪಿ ಇ. ಆರ್. ರಾಬ್ಸನ್ 1870ರ ದಶಕದಲ್ಲೇ ಈ ಮಾತನ್ನು ಒತ್ತಿ ಹೇಳಿದ್ದರು. ಆಮೇಲೆ ಅದು ಎಷ್ಟೋ ದೇಶಗಳಲ್ಲಿ ನಿಯಮವೇ ಆಗಿಹೋಯಿತು.

ಕಿಟಕಿ ಎಡಕ್ಕೆ ಬಂತು ಅಂದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಎಲ್ಲರಿಗೂ ಎಡಗಡೆಯಿಂದಲೇ ಬೆಳಕು ಬೇಕಾದರೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂರಬೇಕು. ಆ ಕಡೆಗೊಂದು ಬೋರ್ಡ್, ಬೋರ್ಡಿನ ಪಕ್ಕ ಒಬ್ಬ ಮೇಷ್ಟ್ರು. ಸಾಲು ಕೆಡಬಾರದು ಅಂತ ಡೆಸ್ಕುಗಳನ್ನು ನೆಲಕ್ಕೆ ಸ್ಕ್ರೂ ಹಾಕಿ ಬಿಗಿದರು. ಡೆಸ್ಕಿನ ಬಲಮೂಲೆಯಲ್ಲಿ ಮಸಿಕುಡಿಕೆಗೊಂದು ತೂತು. ಎಡಗೈಯಲ್ಲಿ ಬರೆಯುವ ಮಗುವಿನ ಪಾಡು ಕೇಳಲೇಬೇಡಿ.

ಮಸಿಕುಡಿಕೆ ಹೋಗಿ ಎಷ್ಟೋ ವರ್ಷವಾಯಿತು. ಕರೆಂಟ್ ದೀಪ ಬಂದು ಇನ್ನೂ ಜಾಸ್ತಿಯಾಯಿತು. ಮಕ್ಕಳು ಮಾತ್ರ ಇನ್ನೂ ಅದೇ ಕಡೆ ಮುಖ ಮಾಡಿ ಕೂತಿದ್ದಾರೆ.

ಹಾಗಂತ ಆ ಕಟ್ಟಡವನ್ನು ದಡ್ಡತನ ಅನ್ನುವಂತಿಲ್ಲ. ಅದಕ್ಕೂ ಮುಂಚೆ ಇದ್ದದ್ದನ್ನು ನೋಡಿದರೆ ಗೊತ್ತಾಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ನಡೆಸುತ್ತಿದ್ದ ಶಾಲೆ ಅಂದರೆ ಒಂದೇ ಒಂದು ದೊಡ್ಡ ಹಾಲ್. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು. ದೊಡ್ಡ ಮಕ್ಕಳೇ ಚಿಕ್ಕವರಿಗೆ ಪಾಠ ಹೇಳಬೇಕು. ಗೋಡೆಯ ಪಕ್ಕ ನೆಲದ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಗೆರೆ ಇರುತ್ತಿತ್ತು. ಒಂದೊಂದು ಗೆರೆಯ ಮೇಲೆ ಒಂದೊಂದು ಗುಂಪು ನಿಂತು ಪಾಠ ಒಪ್ಪಿಸುತ್ತಿತ್ತು. (ಆಂಡ್ರ್ಯೂ ಬೆಲ್ ಅನ್ನುವ ಪಾದ್ರಿ ಅದಕ್ಕೂ ಮೊದಲೇ ಮದ್ರಾಸಿನ ಅನಾಥ ಮಕ್ಕಳ ಶಾಲೆಯಲ್ಲಿ ಇಂಥದ್ದನ್ನೇ ಶುರು ಮಾಡಿದ್ದರು. ಮಕ್ಕಳು ಮರಳಿನ ಮೇಲೆ ಬರೆಯುತ್ತಾ ಕಲಿಯುವುದನ್ನು ಅವರು ನೋಡಿದ್ದು ಅಲ್ಲಿಯ ನಾಡಶಾಲೆಯಲ್ಲಿ. ಇಂಗ್ಲೆಂಡಿನಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಅನ್ನುವ ಹೆಸರೇ ಬಿತ್ತು.) ಆ ಹಾಲಿನ ಗದ್ದಲ ಹೇಗಿದ್ದಿರಬೇಕು ಅಂತ ಊಹಿಸಿ.

ವಯಸ್ಸಿಗೊಂದು ತರಗತಿ, ತರಗತಿಗೊಂದು ಕೊಠಡಿ ಅನ್ನುವುದು ಬಂದಾಗ ಅದೇ ದೊಡ್ಡ ಸುಧಾರಣೆ. 1840ರ ದಶಕದ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಕ್ವಿನ್ಸಿ ಶಾಲೆಯಲ್ಲಿ 12 ಕೊಠಡಿಗಳಿದ್ದವು. ಒಂದೊಂದರಲ್ಲಿ 55 ಮಕ್ಕಳು, ಪ್ರತಿ ಮಗುವಿಗೂ ತನ್ನದೇ ಡೆಸ್ಕ್. ಆ ಕಾಲಕ್ಕೆ ಇದು ಭಾರಿ ಅನುಕೂಲ. ನಡುವೆ ಕಾರಿಡಾರ್, ಎರಡೂ ಕಡೆ ಒಂದೇ ಅಳತೆಯ ಕೊಠಡಿಗಳು. ಮುಂದೆ ಇಂಥ ಕಟ್ಟಡಗಳಿಗೆ ಮೊಟ್ಟೆ ಇಡುವ ಟ್ರೇ ಅಂತ ಅಡ್ಡಹೆಸರು ಬಿತ್ತು. ನಾವೆಲ್ಲ ಹೆಚ್ಚುಕಮ್ಮಿ ಆ ಟ್ರೇಯಲ್ಲೇ ಬೆಳೆದವರು.

ಕೇಳುವ ಡೆಸ್ಕು, ಮಾಡುವ ಡೆಸ್ಕು

ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1899ರಲ್ಲಿ ಒಂದು ಪ್ರಸಂಗ ಹೇಳಿದ್ದರು. ಮಕ್ಕಳಿಗೆ ಹೊಂದುವ ಡೆಸ್ಕು ಹುಡುಕುತ್ತಾ ಅವರು ಶಾಲಾ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದರಂತೆ. ಎಲ್ಲೂ ಸರಿಯಾದದ್ದು ಸಿಗಲಿಲ್ಲ. ಕೊನೆಗೆ ಒಬ್ಬ ಅಂಗಡಿಯವನು, ನೀವು ಕೇಳುತ್ತಿರುವುದು ಮಕ್ಕಳು ಕೆಲಸ ಮಾಡುವ ಮೇಜು, ನಮ್ಮಲ್ಲಿರುವುದೆಲ್ಲ ಕೂತು ಕೇಳಿಸಿಕೊಳ್ಳುವ ಮೇಜು ಅಂದನಂತೆ. ನೂರಿಪ್ಪತ್ತು ವರ್ಷದ ಮೇಲಾದರೂ ಅಂಗಡಿಯವನ ಮಾತು ಹಳತಾಗಿಲ್ಲ.

ಈಗ ಪಠ್ಯಕ್ರಮ ಬರೆಯುವವರು ಏನು ಬಯಸುತ್ತಾರೆ ನೋಡಿ. ಮಕ್ಕಳು ಗುಂಪಿನಲ್ಲಿ ಚರ್ಚೆ ಮಾಡಬೇಕು. ಕೈಯಿಂದ ಮಾಡಿ ಕಲಿಯಬೇಕು. ಪ್ರಾಜೆಕ್ಟ್ ಮಾಡಿ ಎಲ್ಲರ ಮುಂದೆ ನಿಂತು ವಿವರಿಸಬೇಕು. ನಡುನಡುವೆ ಒಬ್ಬರೇ ಕೂತು ಓದಲೂಬೇಕು. ಒಂದೇ ದಿನದಲ್ಲಿ, ಎಷ್ಟೋ ಸಲ ಒಂದೇ ಪೀರಿಯಡ್‌ನಲ್ಲಿ, ಇಷ್ಟೆಲ್ಲ. ಕಟ್ಟಡ ಮಾತ್ರ ಇದರಲ್ಲಿ ಒಂದಕ್ಕೆ, ಅಂದರೆ ಕೂತು ಕೇಳುವುದಕ್ಕೆ, ತಯಾರಾಗಿ ನಿಂತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ.

ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ನಲವತ್ತು ನಿಮಿಷದ ಪೀರಿಯಡ್. ನಲವತ್ತು ಮಕ್ಕಳು, ನಾಲ್ಕು ಜನ ಕೂರುವ ಉದ್ದ ಬೆಂಚುಗಳು. ಟೀಚರ್ ‘ಗುಂಪು ಮಾಡಿಕೊಳ್ಳಿ’ ಅನ್ನುತ್ತಾರೆ. ಬೆಂಚು ಎಳೆಯುವ ಕರ್ಕಶ ಸದ್ದು ಇಡೀ ಮಹಡಿಗೆ ಕೇಳುತ್ತದೆ. ಕೆಳಗಿನ ತರಗತಿಯಿಂದ ಒಂದು ಮಗು ಬಂದು ‘ಮಿಸ್, ಸ್ವಲ್ಪ ಗಲಾಟೆ ಕಡಿಮೆ ಮಾಡಬೇಕಂತೆ’ ಅಂತ ಹೇಳಿ ಹೋಗುತ್ತದೆ. ಬೆಂಚು ತಿರುಗಿಸಲು ಜಾಗ ಸಾಲದೆ ಎರಡು ಗುಂಪು ನೆಲದ ಮೇಲೆ, ಒಂದು ಗುಂಪು ಬಾಗಿಲಲ್ಲಿ. ಎಲ್ಲ ಒಂದು ಹದಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷ. ಮತ್ತೆ ಬೆಂಚುಗಳನ್ನು ಮೊದಲಿನ ಜಾಗಕ್ಕೆ ಇಡಲು ಐದು ನಿಮಿಷ, ಯಾಕೆಂದರೆ ಮುಂದಿನ ಪೀರಿಯಡ್‌ನವರಿಗೆ ಸಾಲು ಬೇಕು. ಮುಂದಿನ ವಾರ ಆ ಟೀಚರ್ ಏನು ಮಾಡುತ್ತಾರೆ? ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ನಾವು ಇದಕ್ಕೆ ‘ಶಿಕ್ಷಕರಿಗೆ ಹೊಸ ವಿಧಾನದಲ್ಲಿ ಆಸಕ್ತಿ ಇಲ್ಲ’ ಅನ್ನುತ್ತೇವೆ. ಆಸಕ್ತಿ ಇತ್ತು ಸ್ವಾಮಿ, ಬೆಂಚು ಬಿಡಲಿಲ್ಲ.

ಗೋಡೆ ಒಡೆದು ನೋಡಿದ್ದಾಯಿತು

ಹಾಗಾದರೆ ಗೋಡೆ ಒಡೆದರಾಯಿತು ಅನ್ನಿಸುತ್ತದೆ, ಅಲ್ವಾ? ಅದನ್ನೂ ಮಾಡಿ ನೋಡಿದ್ದಾರೆ. ಒಂದು ಸಲ ಅಲ್ಲ, ಎರಡು ಸಲ.

ಮೊದಲನೇ ಸಲ 1960 ಮತ್ತು 70ರ ದಶಕಗಳಲ್ಲಿ. ಅಮೆರಿಕದ ಫೋರ್ಡ್ ಫೌಂಡೇಷನ್ 1958ರಲ್ಲಿ ಶಾಲಾ ಕಟ್ಟಡಗಳ ಬಗ್ಗೆಯೇ ಯೋಚಿಸಲು ಒಂದು ಸಂಸ್ಥೆ ಹುಟ್ಟುಹಾಕಿತ್ತು. ಗೋಡೆಯಿಲ್ಲದ ಶಾಲೆಗೆ ಅದು ಜೋರಾಗಿ ಬೆಂಬಲ ಕೊಟ್ಟಿತು. ಮೂರು ನಾಲ್ಕು ತರಗತಿಗಳಷ್ಟು ಮಕ್ಕಳು ಒಂದೇ ವಿಶಾಲ ಜಾಗದಲ್ಲಿ, ಕೆಳಗೆ ಕಾರ್ಪೆಟ್, ಅಲ್ಲಲ್ಲಿ ಗುಂಪುಗಳು. ಶಿಕ್ಷಕರು ಸೇರಿ ಪಾಠ ಮಾಡುತ್ತಾರೆ ಅನ್ನುವ ಕನಸು. ಕನಸು ಹೆಚ್ಚು ದಿನ ಬಾಳಲಿಲ್ಲ. ಶಿಕ್ಷಕರು ಬೀರುಗಳನ್ನು ಸಾಲಾಗಿ ನಿಲ್ಲಿಸಿದರು. ಪುಸ್ತಕದ ಕಪಾಟು, ಚಕ್ರದ ಬೋರ್ಡು, ಏನು ಸಿಕ್ಕಿತೋ ಅದನ್ನು ಅಡ್ಡ ಇಟ್ಟರು. ಆಮೇಲೆ ಹೆಚ್ಚಿನ ಕಡೆ ನಿಜವಾದ ಗೋಡೆಗಳೇ ಬಂದವು.

ಎರಡನೇ ಸಲ ಈ ಶತಮಾನದಲ್ಲಿ. ಡೆನ್ಮಾರ್ಕಿನ ಹೆಲರಪ್ ಶಾಲೆ 2002ರಲ್ಲಿ ಬಂತು. ನಡುಮಧ್ಯೆ ಕೂತು ಓದಬಹುದಾದ, ನಾಟಕ ನೋಡಬಹುದಾದ ದೊಡ್ಡ ಮೆಟ್ಟಿಲು. 2007ರಲ್ಲಿ ಕೋಪನ್‌ಹೇಗನ್ನಿನ ಓರೆಸ್ಟಾಡ್ ಪದವಿಪೂರ್ವ ಕಾಲೇಜು ತೆರೆಯಿತು. ಸುರುಳಿ ಮೆಟ್ಟಿಲಿನ ಸುತ್ತ ತೆರೆದ ಅಂತಸ್ತುಗಳು. ಪ್ರಪಂಚದ ಎಲ್ಲ ಕಡೆಯಿಂದ ಜನ ನೋಡಲು ಬಂದರು, ಫೋಟೋ ತೆಗೆದುಕೊಂಡರು, ಊರಿಗೆ ಹೋಗಿ ಅದೇ ಥರ ಕಟ್ಟಿಸಿದರು. ಫೋಟೋದಲ್ಲಿ ಶಬ್ದ ಕೇಳಿಸುವುದಿಲ್ಲ ಅನ್ನುವುದು ಅವರ ಗಮನಕ್ಕೆ ಬರಲಿಲ್ಲ.

ನ್ಯೂಜಿಲೆಂಡ್ ಈ ದಾರಿಯಲ್ಲಿ ಬಹಳ ದೂರ ಹೋದ ದೇಶ. ಅಲ್ಲಿಯ ಸರ್ಕಾರ 2025ರ ಜುಲೈಯಲ್ಲಿ, ಇನ್ನು ಮುಂದೆ ಗೋಡೆಯಿಲ್ಲದ ತರಗತಿ ಕಟ್ಟುವುದಿಲ್ಲ ಅಂತ ಹೇಳಿಬಿಟ್ಟಿತು. ಶಬ್ದ ಜಾಸ್ತಿ, ಗಮನ ನಿಲ್ಲುವುದಿಲ್ಲ ಅನ್ನುವ ದೂರುಗಳೇ ಕಾರಣ. ಸುದ್ದಿ ಬಂದ ಕೂಡಲೇ ‘ನೋಡಿದ್ರಾ, ಹಳೇ ಪದ್ಧತಿಯೇ ಸರಿ’ ಅಂದವರು ಬಹಳ ಜನ. ಆದರೆ ಘೋಷಣೆಯನ್ನು ಪೂರ್ತಿ ಓದಿದರೆ ಬೇರೆ ಮಾತಿದೆ. ಹಳೇ ಮುಚ್ಚಿದ ಪೆಟ್ಟಿಗೆಗೆ ಮರಳುವುದಲ್ಲ, ಜಾರುವ ಗಾಜಿನ ಬಾಗಿಲು ಹಾಕೋಣ, ಬೇಕಾದಾಗ ತೆಗೆಯಲಿ, ಬೇಡವಾದಾಗ ಮುಚ್ಚಲಿ ಅನ್ನುವುದು ಅದರ ಸಾರ.

ನನಗೆ ಈ ಇಡೀ ವಾದದಲ್ಲಿ ಮುಖ್ಯ ಅನ್ನಿಸುವುದು ಇದೇ. ಗೋಡೆ ಬೇಕಾ ಬೇಡವಾ ಅಂತ ಅರವತ್ತು ವರ್ಷದಿಂದ ಜಗಳ ಆಡುತ್ತಿದ್ದೇವೆ. ಮುಚ್ಚಿದ ಕೊಠಡಿ ಶಿಕ್ಷಕರ ಪರವಾಗಿ ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ತೆರೆದ ಹಾಲೂ ಅಷ್ಟೇ, ತೀರ್ಮಾನ ಮಾತ್ರ ಬೇರೆ. ಎರಡರಲ್ಲೂ ಒಳಗಿರುವವರ ಕೈಯಲ್ಲಿ ಏನೂ ಇಲ್ಲ. ಇವತ್ತು ಹತ್ತೂವರೆಗೆ ಬಾಗಿಲು ತೆಗೆಯಬೇಕು, ಹನ್ನೊಂದಕ್ಕೆ ಮುಚ್ಚಬೇಕು ಅನ್ನುವುದನ್ನು ತರಗತಿಯಲ್ಲಿ ನಿಂತಿರುವ ಮನುಷ್ಯ ನಿರ್ಧರಿಸುವಂತಿರಬೇಕು.

ಮೊದಲು ಕಿವಿ

ನಕ್ಷೆ ಬರೆಯುವವರು ಕಣ್ಣಿಗೆ ಕೊಡುವಷ್ಟು ಬೆಲೆ ಕಿವಿಗೆ ಕೊಡುವುದಿಲ್ಲ. ಆದರೆ ಶಾಲೆಯಲ್ಲಿ ನಡೆಯುವ ಕೆಲಸದಲ್ಲಿ ದೊಡ್ಡ ಪಾಲು ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

1970ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ಎತ್ತರದ ರೈಲು ಹಳಿ ಇತ್ತು. ನಾಲ್ಕೈದು ನಿಮಿಷಕ್ಕೊಂದು ರೈಲು. ಹೋದಾಗಲೆಲ್ಲ ಟೀಚರ್ ಮಾತು ನಿಲ್ಲಿಸಬೇಕು. ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾಂಝಾಫ್ಟ್ ಒಂದು ಸರಳ ಕೆಲಸ ಮಾಡಿದರು. ಹಳಿಯ ಕಡೆಯ ಕೊಠಡಿಗಳ ಮಕ್ಕಳ ಓದುವ ಅಂಕಗಳನ್ನು ಇನ್ನೊಂದು ಪಕ್ಕದ ಶಾಂತ ಕೊಠಡಿಗಳ ಮಕ್ಕಳ ಅಂಕಗಳ ಜೊತೆ ಹೋಲಿಸಿದರು. ಅದೇ ಶಾಲೆ, ಅದೇ ಪಾಠ. ಆರನೇ ತರಗತಿಗೆ ಬರುವಷ್ಟರಲ್ಲಿ ಗದ್ದಲದ ಕಡೆಯ ಮಕ್ಕಳು ಓದಿನಲ್ಲಿ ಹತ್ತಿರಹತ್ತಿರ ಒಂದು ವರ್ಷ ಹಿಂದಿದ್ದರು. ಈ ವರದಿ 1975ರಲ್ಲಿ ಬಂತು. ಆಮೇಲೆ ಹಳಿಯ ಕೆಳಗೆ ರಬ್ಬರ್ ಪಟ್ಟಿ ಹಾಕಿದರು, ಆ ಕೊಠಡಿಗಳ ಚಾವಣಿಗೆ ಶಬ್ದ ಹೀರುವ ಹಲಗೆ ಬಡಿದರು. ಮತ್ತೆ ಹೋಲಿಸಿ ನೋಡಿದಾಗ ವ್ಯತ್ಯಾಸ ಮಾಯವಾಗಿತ್ತು. ಮೇಷ್ಟ್ರು ಹೊಸಬರಲ್ಲ, ಪುಸ್ತಕ ಹೊಸದಲ್ಲ. ರಬ್ಬರ್ ಮತ್ತು ಹಲಗೆ, ಅಷ್ಟೇ.

ದೊಡ್ಡವರಿಗೆ ಇದು ಅರ್ಥವಾಗುವುದು ಕಷ್ಟ. ನಮಗೆ ಗದ್ದಲದಲ್ಲಿ ಅರ್ಧ ವಾಕ್ಯ ಕೇಳಿಸಿದರೂ ಉಳಿದರ್ಧವನ್ನು ತಲೆ ತುಂಬಿಕೊಳ್ಳುತ್ತದೆ. ಆ ಪದಗಳು ನಮಗೆ ಮೊದಲೇ ಗೊತ್ತು. ಏಳು ವರ್ಷದ ಮಗು ಆ ಪದವನ್ನು ಇವತ್ತೇ ಮೊದಲ ಸಲ ಕೇಳುತ್ತಿದೆ. ಗದ್ದಲದ ನಡುವೆ ಮಾತನ್ನು ಹೆಕ್ಕಿಕೊಳ್ಳುವ ಶಕ್ತಿ ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ, ನೆಗಡಿಯಿಂದ ಕಿವಿ ಕಟ್ಟಿಕೊಂಡಿರುವ ಮಗುವಿಗೆ ಇನ್ನೂ ಕಷ್ಟ.

ಮೆಲ್ಬರ್ನ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ತುಂಬ ಉಪಯುಕ್ತ ಅನ್ನಿಸಿತು. ಬೇಕಾದಾಗ ತೆರೆದು ಮುಚ್ಚಬಹುದಾದ ತರಗತಿಗಳಲ್ಲಿ ಸುಮಾರು 200 ಮಕ್ಕಳನ್ನು ಗಮನಿಸಿದರು. ಕೆಲವು ತಿಂಗಳು ತೆರೆದಿಟ್ಟು, ಕೆಲವು ತಿಂಗಳು ಮುಚ್ಚಿ. ತೆರೆದಿದ್ದಾಗ ಮಕ್ಕಳ ಓದುವ ವೇಗ ನಿಧಾನವಾಗಿ ಬೆಳೆಯಿತು. ಗಮನ ನಿಲ್ಲಿಸಲು ಮೊದಲೇ ಒದ್ದಾಡುವ ಮಕ್ಕಳಿಗೆ ಪೆಟ್ಟು ಜಾಸ್ತಿ. ಗಟ್ಟಿ ಮಕ್ಕಳು ಹೇಗೋ ಸುಧಾರಿಸಿಕೊಳ್ಳುತ್ತಾರೆ, ಅದಕ್ಕೇ ಬರೀ ಸರಾಸರಿ ನೋಡಿದರೆ ಈ ಮಕ್ಕಳಿಗೆ ಬಿದ್ದ ಪೆಟ್ಟು ಪೂರ್ತಿ ಕಾಣುವುದಿಲ್ಲ.

ಹೊರಗಿನ ಗದ್ದಲ ಒಂದಾದರೆ ಕೊಠಡಿಯೊಳಗಿನ ಮಾರ್ದನಿ ಇನ್ನೊಂದು. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ಚಾವಣಿ. ಆಡಿದ ಮಾತು ಆರು ಕಡೆಗೂ ಬಡಿದು ವಾಪಸ್ ಬರುತ್ತದೆ. ಹಿಂದಿನ ಪದ ಕಿವಿಯಿಂದ ಹೋಗುವ ಮೊದಲೇ ಮುಂದಿನದು ಬಂದು ಕೂಡಿಕೊಳ್ಳುತ್ತದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಹೇಳಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಸದ್ದು ಸಾಯಲು ಐದೂವರೆ ಸೆಕೆಂಡು ಬೇಕಿತ್ತು. ಸರಿಪಡಿಸು ಅಂತ ವ್ಯಾಲೇಸ್ ಸೇಬೈನ್ ಅನ್ನುವ ತರುಣ ಭೌತಶಾಸ್ತ್ರಜ್ಞನಿಗೆ ಹೇಳಿದರು. ಆತ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು, ಇಷ್ಟು ಮೆತ್ತೆಗೆ ಸದ್ದು ಎಷ್ಟು ತಗ್ಗುತ್ತದೆ ಅಂತ ಅಳೆದು, ಬೆಳಗಾಗುವುದರೊಳಗೆ ವಾಪಸ್ ಇಟ್ಟು ಬರುತ್ತಿದ್ದ. ಕಟ್ಟಡದ ಶಬ್ದವಿಜ್ಞಾನ ಹುಟ್ಟಿದ್ದು ಹೀಗೆ. ಇವತ್ತು ಅಮೆರಿಕದ ಮಾನದಂಡದ ಪ್ರಕಾರ ಸಾಧಾರಣ ತರಗತಿಯಲ್ಲಿ ಆ ಮಾರ್ದನಿ 0.6 ಸೆಕೆಂಡ್ ದಾಟಬಾರದು. ಖಾಲಿ ಕೊಠಡಿಯ ಹಿನ್ನೆಲೆ ಶಬ್ದ 35 ಡೆಸಿಬಲ್ ಮೀರಬಾರದು. ಈ ಅಂಕಿಗಳು ಬಾಯಿಗೆ ಬರಬೇಕಾಗಿಲ್ಲ. ಖಾಲಿ ತರಗತಿಯ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ. ಅದು ‘ಟಪ್’ ಅಂತ ನಿಂತರೆ ಸರಿ. ‘ಟಪ್ಪ್ಪ್’ ಅಂತ ಎಳೆದರೆ ಆ ಕೊಠಡಿಯಲ್ಲಿ ಗುಂಪು ಚರ್ಚೆ ಆಗದ ಮಾತು, ಎಷ್ಟೇ ಚೆಂದದ ಮೇಜು ತಂದಿಟ್ಟರೂ.

ಗುಹೆ, ಕಟ್ಟೆ, ಹಳ್ಳ

ಹಾಗಾದರೆ ಚೆನ್ನಾಗಿ ಮಾಡಿದವರು ಯಾರೂ ಇಲ್ವಾ ಅಂದರೆ ಇದ್ದಾರೆ. ತಮಾಷೆ ಅಂದರೆ ಅವರಲ್ಲಿ ಕೆಲವರು ಬಹಳ ಹಳಬರು.

ಅಮೆರಿಕದ ಇಲಿನಾಯ್ ರಾಜ್ಯದ ವಿನೆಟ್ಕಾದಲ್ಲಿ 1940ರಲ್ಲಿ ಕ್ರೋ ಐಲ್ಯಾಂಡ್ ಶಾಲೆ ತೆರೆಯಿತು. ಎಲಿಯಲ್ ಮತ್ತು ಈರೋ ಸಾರಿನೆನ್ ಅನ್ನುವ ಅಪ್ಪ-ಮಗ, ಜೊತೆಗೆ ಶಿಕಾಗೋದ ತರುಣ ವಾಸ್ತುಶಿಲ್ಪಿಗಳು ಸೇರಿ ಮಾಡಿದ ನಕ್ಷೆ. ನಕ್ಷೆ ಬರೆಯುವ ಮುಂಚೆ ಅವರು ಶಿಕ್ಷಕರನ್ನು ಮಾತಾಡಿಸಿದರು, ತರಗತಿಗಳಲ್ಲಿ ಕೂತು ನೋಡಿದರು. ಅಲ್ಲಿ ಕೊಠಡಿ ಚೌಕಾಕಾರದ್ದಲ್ಲ, ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರ. ದೊಡ್ಡ ಭಾಗದಲ್ಲಿ ಪಾಠ. ಮೂಲೆ ತಿರುಗಿದರೆ ಕೈಕೆಲಸದ ಜಾಗ, ಸಿಂಕ್ ಸಮೇತ. ಪ್ರತಿ ತರಗತಿಗೂ ತನ್ನದೇ ಶೌಚಾಲಯ, ಹೊರಗೆ ಹೋಗಲು ತನ್ನದೇ ಬಾಗಿಲು. ಚಾವಣಿ ತಗ್ಗು, ದೀಪದ ಸ್ವಿಚ್ಚು ಮಗುವಿನ ಕೈಗೆ ಸಿಗುವ ಎತ್ತರದಲ್ಲಿ. ‘ಎಲ್’ ಆಕಾರದ ಚೆಂದ ಏನೆಂದರೆ ಟೀಚರ್ ಒಂದೇ ಕಡೆ ನಿಂತು ಎರಡೂ ಭಾಗ ನೋಡಬಹುದು, ಆದರೆ ಮೂಲೆಯಲ್ಲಿ ಕೂತ ಮಗುವಿಗೆ ತಾನು ಬೇರೆ ಕಡೆ ಇದ್ದೇನೆ ಅನ್ನಿಸುತ್ತದೆ.

ಹಾಲೆಂಡಿನ ವಾಸ್ತುಶಿಲ್ಪಿ ಹರ್ಮನ್ ಹರ್ಟ್ಸ್‌ಬರ್ಗರ್ 1960ರ ದಶಕದಲ್ಲಿ ಡೆಲ್ಫ್ಟ್ ಊರಿನಲ್ಲಿ ಒಂದು ಮಾಂಟೆಸ್ಸರಿ ಶಾಲೆ ಕಟ್ಟಿದರು. ಅದರ ಪಡಸಾಲೆಯ ನಡುವೆ ಇಟ್ಟಿಗೆಯ ಒಂದು ಕಟ್ಟೆ ಇದೆ. ಅಷ್ಟೇ, ಬರೀ ಕಟ್ಟೆ. ಓಡಾಡಲು ಅಡ್ಡ, ತೆಗೆಸಿ ಅನ್ನುವ ಮಾತೂ ಬಂದಿತ್ತಂತೆ. ಆದರೆ ಮಕ್ಕಳು ಅದನ್ನು ಕೂರುವ ಜಾಗ ಮಾಡಿಕೊಂಡರು, ವೇದಿಕೆ ಮಾಡಿಕೊಂಡರು, ಕೈಕೆಲಸದ ಮೇಜು ಮಾಡಿಕೊಂಡರು. ಶಿಶುವಿಹಾರದ ಕಡೆ ಇದಕ್ಕೆ ತದ್ವಿರುದ್ಧ. ನೆಲದಲ್ಲಿ ಒಂದು ಚೌಕ ಹಳ್ಳ, ಅದರ ತುಂಬ ಮರದ ತುಂಡುಗಳು. ತುಂಡುಗಳು ಒಳಗಿದ್ದರೆ ನೆಲ ಸಮ. ಎತ್ತಿ ಹೊರಗಿಟ್ಟರೆ ಅವೇ ಪೀಠಗಳಾಗುತ್ತವೆ, ಹಳ್ಳದಲ್ಲಿ ಇಳಿದು ಕೂರಬಹುದು, ಪೇರಿಸಿ ರೈಲು ಮಾಡಬಹುದು. ಯಾವ ಮೋಟರೂ ಇಲ್ಲ, ರಿಪೇರಿಯೂ ಇಲ್ಲ.

ಬಾಂಗ್ಲಾದೇಶದ ರುದ್ರಪುರದಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಅನ್ನಾ ಹೆರಿಂಗರ್ ಊರಿನವರ ಜೊತೆ ಸೇರಿ ಮಣ್ಣು, ಬಿದಿರಿನಲ್ಲಿ ಕಟ್ಟಿದ ‘ಮೇಟಿ’ ಶಾಲೆ ಇನ್ನೊಂದು. 2007ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಕೆಳಗಿನ ಅಂತಸ್ತಿನಲ್ಲಿ ತರಗತಿಗಳ ಹಿಂಬದಿಗೆ ಮಣ್ಣಿನ ಸಣ್ಣ ಗುಹೆಗಳಿವೆ. ಮಗು ಅಂಬೆಗಾಲಿಕ್ಕಿ ಒಳಗೆ ಹೋಗಿ ಒರಗಿ ಕೂರಬಹುದು, ಓದಬಹುದು, ಸುಮ್ನೆ ಇರಬಹುದು. ಸುಮ್ನೆ ಇರಲು ಒಂದು ಜಾಗ ಅಂತ ಎಷ್ಟು ಶಾಲೆಗಳಲ್ಲಿ ಇದೆ?

ಈ ಮೂರಕ್ಕೂ ಒಂದು ಹೋಲಿಕೆ ಇದೆ. ಇಲ್ಲಿ ಗೋಡೆ ಕಡಿಮೆ ಮಾಡಿಲ್ಲ, ಮೂಲೆ ಜಾಸ್ತಿ ಮಾಡಿದ್ದಾರೆ. ಬೇರೆ ಬೇರೆ ಅಳತೆಯ ಜಾಗಗಳು ಹತ್ತಿರ ಹತ್ತಿರ ಇವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಡ, ಬೆಂಚು ಎಳೆಯುವುದೂ ಬೇಡ.

ಕಾರಿಡಾರ್ ವಿಷಯಕ್ಕೆ ಬಂದರೂ ಇದೇ ಲೆಕ್ಕ. ಶಾಲೆಯ ನೆಲದಲ್ಲಿ ಐದನೇ ಒಂದು ಭಾಗ, ಕೆಲವು ಸಲ ಅದಕ್ಕಿಂತ ಜಾಸ್ತಿ, ಬರೀ ಓಡಾಟಕ್ಕೆ ಹೋಗುತ್ತದೆ. ದಿನಕ್ಕೆ ಅರ್ಧ ಗಂಟೆ ಬಳಕೆ, ಉಳಿದ ಹೊತ್ತು ಖಾಲಿ. ಅದನ್ನು ಅಲ್ಲಲ್ಲಿ ಸ್ವಲ್ಪ ಅಗಲ ಮಾಡಿ, ತರಗತಿಯ ಬಾಗಿಲಿಗೊಂದು ಗಾಜು ಹಾಕಿ, ಗೋಡೆಗೆ ಹೊಂದಿಸಿ ಒಂದು ಕಟ್ಟೆ ಕಟ್ಟಿದರೆ ನಾಲ್ಕು ಮಕ್ಕಳ ಗುಂಪು ಅಲ್ಲಿ ಕೂತು ಕೆಲಸ ಮಾಡಬಹುದು. ಟೀಚರಿಗೂ ಕಾಣುತ್ತಿರುತ್ತಾರೆ. ಬೆಂಕಿ ಬಿದ್ದಾಗ ಓಡಲು ಬೇಕಾದ ಅಗಲ ಮಾತ್ರ ಬಿಟ್ಟಿರಬೇಕು. ಆ ವಿಷಯದಲ್ಲಿ ರಾಜಿ ಇಲ್ಲ.

ಗಾಳಿ, ಬಿಸಿಲು, ಬಣ್ಣದ ಕಾಗದ

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು, ಇರುತ್ತದೆ. ಮೂವತ್ತು ಮಕ್ಕಳನ್ನು ಕೂರಿಸಿ ಕಿಟಕಿ ಬಾಗಿಲು ಮುಚ್ಚಿದರೆ ಒಂದು ಗಂಟೆಯಲ್ಲಿ 2,000 ದಾಟುವುದು ದೊಡ್ಡ ವಿಷಯವಲ್ಲ. ಮಧ್ಯಾಹ್ನದ ಎರಡನೇ ಪೀರಿಯಡ್‌ನಲ್ಲಿ ತೂಕಡಿಸುವ ಮಗುವಿಗೆ ‘ಹೊಟ್ಟೆ ತುಂಬ ತಿಂದು ಬಂದಿದೀಯಾ’ ಅಂತ ಬೈಯುತ್ತೇವೆ. ಎಷ್ಟೋ ಸಲ ತಪ್ಪು ಊಟದ್ದಲ್ಲ, ಗಾಳಿಯದ್ದು. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಕಿಟಕಿ ನೆನಪಾಯಿತು. ಆಮೇಲೆ ಮತ್ತೆ ಮರೆತುಹೋಯಿತು. 1904ರಲ್ಲೇ ಬರ್ಲಿನ್ ಪಕ್ಕದ ಶಾರ್ಲಟನ್‌ಬರ್ಗಿನಲ್ಲಿ ಕ್ಷಯದ ಭಯಕ್ಕೆ ಕಾಡಿನೊಳಗೆ ಶಾಲೆ ಮಾಡಿದ್ದರು. 1930ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾನ್ ಡಾಯ್ಕರ್ ಕಟ್ಟಿದ ಬಯಲು ಗಾಳಿಯ ಶಾಲೆಯಲ್ಲಿ ತರಗತಿಗಳ ಪಕ್ಕದಲ್ಲೇ ತೆರೆದ ಮಹಡಿಗಳಿವೆ. ಗೊತ್ತಿದ್ದದ್ದನ್ನೇ ನಾವು ಮತ್ತೆ ಮತ್ತೆ ಕಂಡುಹಿಡಿಯುತ್ತೇವೆ.

ನಡುವೆ ಕಿಟಕಿಯೇ ಬೇಡ ಅನ್ನುವ ಕಾಲವೂ ಬಂದುಹೋಯಿತು. ಕರೆಂಟ್ ಉಳಿತಾಯ, ಗಾಜು ಒಡೆಯುವುದು, ಹೊರಗೆ ನೋಡಿ ಗಮನ ಕೆಡುವುದು, ಹೀಗೆ ಏನೇನೋ ಕಾರಣ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 1962ರಲ್ಲಿ ಅಣುಬಾಂಬಿನ ಹೆದರಿಕೆಗೆ ಇಡೀ ಪ್ರಾಥಮಿಕ ಶಾಲೆಯನ್ನೇ ನೆಲದಡಿ ಕಟ್ಟಿದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಹಾಗಂತ ಗೋಡೆ ಪೂರ್ತಿ ಗಾಜು ಹಾಕಿದರೂ ಆಗದು. ಬೋರ್ಡಿನ ಮೇಲೆ ಬಿಸಿಲು ಬಿದ್ದು ಏನೂ ಕಾಣದೆ, ದಿನವಿಡೀ ಪರದೆ ಎಳೆದು ದೀಪ ಹಚ್ಚಿಕೊಂಡು ಕೂರುವ ಗಾಜಿನ ಶಾಲೆಗಳೂ ಇವೆ.

ಬಿಸಿಲಿನ ಊರುಗಳಿಗೆ ನನ್ನ ಮಟ್ಟಿಗೆ ಒಳ್ಳೆಯ ಪಾಠ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೋ ಹಳ್ಳಿಯದು. ಅಲ್ಲೇ ಹುಟ್ಟಿದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಬಾಲ್ಯದಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿದ್ದ ಬಿಸಿ, ಕತ್ತಲೆ ಕೊಠಡಿಯಲ್ಲಿ ಓದಿದವರು. 2001ರಲ್ಲಿ ತಮ್ಮ ಹಳ್ಳಿಗೆ ಅವರೇ ಶಾಲೆ ಕಟ್ಟಿಸಿದರು. ಮಣ್ಣಿನ ಇಟ್ಟಿಗೆಯ ಗೋಡೆ, ಅದೇ ಇಟ್ಟಿಗೆಯ ತೂತಿರುವ ಚಾವಣಿ, ಅದರ ಮೇಲೆ ಒಂದಷ್ಟು ಅಂತರ ಬಿಟ್ಟು ಎತ್ತರದಲ್ಲಿ ನಿಲ್ಲಿಸಿದ ತಗಡಿನ ಸೂರು. ತಗಡು ಕಾಯುತ್ತದೆ, ಆದರೆ ಕಾವು ಕೆಳಗೆ ಇಳಿಯುವುದಿಲ್ಲ. ಒಳಗಿನ ಬಿಸಿ ಗಾಳಿ ತೂತಿನಿಂದ ಮೇಲೆ ಹೋಗುತ್ತದೆ, ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ತಗಡು ಉದ್ದ ಚಾಚಿಕೊಂಡಿರುವುದರಿಂದ ಗೋಡೆಗೆ ಮಳೆಯೂ ಬಡಿಯುವುದಿಲ್ಲ. ಫ್ರಾನ್ಸಿಸ್ ಕೆರೆಯವರಿಗೆ 2022ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು.

ಇಂಗ್ಲೆಂಡಿನ ಸಾಲ್‌ಫರ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ 27 ಶಾಲೆಗಳ 153 ತರಗತಿಗಳನ್ನು, 3,766 ಮಕ್ಕಳನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. ಮಕ್ಕಳ ಒಂದು ವರ್ಷದ ಪ್ರಗತಿಯಲ್ಲಿ ಕಂಡ ವ್ಯತ್ಯಾಸದ 16 ಶೇಕಡಾ ಪಾಲನ್ನು ಕೊಠಡಿಯ ಗುಣಗಳೇ ವಿವರಿಸುತ್ತವೆ ಅನ್ನುವುದು ಅದರ ತೀರ್ಮಾನ. ಅದರಲ್ಲಿ ಅರ್ಧದಷ್ಟು ಬೆಳಕು, ಗಾಳಿ, ಬಿಸಿಯಂಥ ಸರಳ ಸಂಗತಿಗಳದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಇಡೀ ಶಾಲೆಯ ದೊಡ್ಡ ದೊಡ್ಡ ಸೌಕರ್ಯಗಳಿಗಿಂತ ಮಗು ದಿನವಿಡೀ ಕೂರುವ ಆ ಒಂದು ಕೊಠಡಿ ಮುಖ್ಯ. ದುಡ್ಡು ಸುರಿಯುವುದು ಮಾತ್ರ ಮುಂಬಾಗಿಲಿಗೆ!

ಬಣ್ಣದ ಚಾರ್ಟು, ತೋರಣಗಳ ಬಗ್ಗೆಯೂ ಒಂದು ಮಾತು. 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 24 ಪುಟ್ಟ ಮಕ್ಕಳಿಗೆ ಒಂದಷ್ಟು ಪಾಠವನ್ನು ಸಿಂಗರಿಸಿದ ಕೊಠಡಿಯಲ್ಲಿ, ಒಂದಷ್ಟನ್ನು ಖಾಲಿ ಗೋಡೆಯ ಕೊಠಡಿಯಲ್ಲಿ ಮಾಡಿದರು. ಖಾಲಿ ಗೋಡೆ ಇದ್ದಾಗ ಮಕ್ಕಳು 55 ಶೇಕಡಾ ಉತ್ತರ ಸರಿ ಹೇಳಿದರು. ಸಿಂಗಾರ ಇದ್ದಾಗ 42. ಚಿಕ್ಕ ಪ್ರಯೋಗ, ಅದರ ಮೇಲೆ ಕೋಟೆ ಕಟ್ಟಬೇಕಿಲ್ಲ. ಆದರೂ ಗೋಡೆಯ ಒಂದು ಭಾಗವನ್ನಾದರೂ ಖಾಲಿ ಬಿಡುವುದು ಒಳ್ಳೆಯದು.

ಕಂಪ್ಯೂಟರ್ ಲ್ಯಾಬ್ ಹೇಳುವ ಕತೆ

ಕಲಿಸುವ ರೀತಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಕಟ್ಟಡ ಐವತ್ತು ಅರವತ್ತು ವರ್ಷ ನಿಲ್ಲುತ್ತದೆ. 1990ರ ದಶಕದಲ್ಲಿ ಎಲ್ಲ ಕಡೆ ಕಂಪ್ಯೂಟರ್ ಲ್ಯಾಬ್ ಕಟ್ಟಿಸಿದರು. ಡಬ್ಬದಂಥ ಮಾನಿಟರಿಗೆ ಆಳವಾದ ಮೇಜು, ಗೋಡೆಗುಂಟ ಸಿಮೆಂಟಿನಲ್ಲಿ ಹೂತ ವೈರು. ಮಾನಿಟರ್ ತೆಳ್ಳಗಾಯಿತು, ಆಮೇಲೆ ಮಡಿಲಿಗೆ ಬಂತು, ಆಮೇಲೆ ಅಂಗೈಗೆ. ಮೇಜು ಮಾತ್ರ ಅಲ್ಲೇ ಇದೆ. ‘ಆಧುನಿಕ ಕಲಿಕೆ’ ಅಂತ ಇವತ್ತಿನ ಯಂತ್ರಕ್ಕೆ ತಕ್ಕಂತೆ ಗೋಡೆ ಕಟ್ಟಿದರೆ ನಾಳೆ ಅದೇ ಹಣೆಬರಹ. ಸ್ವೀಡನ್‌ನಂಥ ದೇಶವೇ 2023ರಲ್ಲಿ ಪರದೆ ಕಡಿಮೆ ಮಾಡಿ ಅಚ್ಚಿನ ಪುಸ್ತಕಕ್ಕೆ ಮತ್ತೆ ದುಡ್ಡು ಕೊಡಲು ಶುರು ಮಾಡಿತು. ಯಾರಿಗೆ ಗೊತ್ತಿತ್ತು? ಕಂಬ, ತೊಲೆ ಭಾರ ಹೊರಲಿ, ನಡುವಿನ ಗೋಡೆಗಳು ಭಾರ ಹೊರದೆ ಕಳಚುವಂತಿರಲಿ ಅನ್ನುವುದು ಜಾಣತನ. ಪ್ಲಗ್ ಪಾಯಿಂಟ್ ಮಾತ್ರ ಎಷ್ಟಿದ್ದರೂ ಸಾಲದು.

ಟೈಂಟೇಬಲ್ ಬದಲಾಗದೆ ಗೋಡೆ ಬದಲಾಯಿಸಿ ಉಪಯೋಗ ಇಲ್ಲ. ನಲವತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವ ಶಾಲೆಯಲ್ಲಿ ಎರಡು ತರಗತಿಗಳ ನಡುವಿನ ಜಾರುಬಾಗಿಲು ಯಾವತ್ತೂ ತೆಗೆಯುವುದಿಲ್ಲ. ಅದನ್ನು ತೆಗೆಯಬೇಕಾದರೆ ಇಬ್ಬರು ಶಿಕ್ಷಕರು ಮೊದಲೇ ಕೂತು ಮಾತಾಡಿರಬೇಕು. ಮಾತಾಡಲು ಅವರಿಗೆ ಒಟ್ಟಿಗೆ ಬಿಡುವಿನ ಪೀರಿಯಡ್ ಬೇಕು. ಆ ಬಿಡುವು ನಕ್ಷೆಯಲ್ಲಿ ಇರುವುದಿಲ್ಲ. ಎಷ್ಟೋ ಚೆಂದದ ಕಟ್ಟಡಗಳು ಸೋತದ್ದು ಇಲ್ಲೇ.

ಇನ್ನು ಹೊಸ ಕಟ್ಟಡ ಎಲ್ಲರ ಹಣೆಯಲ್ಲೂ ಬರೆದಿಲ್ಲ. ಮುಂದಿನ ಮೂವತ್ತು ವರ್ಷ ಹೆಚ್ಚಿನ ಮಕ್ಕಳು ಓದುವುದು ಈಗಾಗಲೇ ನಿಂತಿರುವ ಕಟ್ಟಡಗಳಲ್ಲೇ. ಇಂಗ್ಲೆಂಡ್ 2004ರಲ್ಲಿ ತನ್ನ ಎಲ್ಲ ಪ್ರೌಢಶಾಲೆಗಳನ್ನೂ ಹೊಸದಾಗಿಸುವ ಭಾರಿ ಯೋಜನೆ ಶುರು ಮಾಡಿತು. 2010ರಲ್ಲಿ ಸರ್ಕಾರ ಬದಲಾದ ಕೂಡಲೇ ಅದನ್ನು ಕೈಬಿಟ್ಟಿತು. ಆಮೇಲೆ ಬಂದ ಮಾದರಿ ನಕ್ಷೆಗಳಲ್ಲಿ ಬಾಗಿದ ಗೋಡೆಯೇ ಬೇಡ ಅಂದರು. ದೊಡ್ಡ ಕನಸುಗಳು ಹೀಗೇ, ಚುನಾವಣೆಯ ಜೊತೆ ಬಂದು ಚುನಾವಣೆಯ ಜೊತೆ ಹೋಗುತ್ತವೆ. ನಾನಾದರೆ ಇರುವ ದುಡ್ಡನ್ನು ಮೊದಲು ಚಾವಣಿಯ ಶಬ್ದ ಹೀರುವ ಹಲಗೆಗೆ, ಆಮೇಲೆ ತೆರೆಯಲು ಬರುವ ಕಿಟಕಿಗೆ, ಆಮೇಲೆ ಒಂದು ಮಗು ಒಂದೇ ಕೈಯಲ್ಲಿ ಎತ್ತಬಹುದಾದ ಕುರ್ಚಿ ಮೇಜಿಗೆ ಹಾಕುತ್ತೇನೆ. ಗೋಡೆಯ ವಿಷಯ ಅದಾದ ಮೇಲೆ.

ಮತ್ತೆ, ನಕ್ಷೆ ಬರೆಯುವ ಮೊದಲು ವಾಸ್ತುಶಿಲ್ಪಿಯನ್ನು ಒಂದು ಹಳೇ ಶಾಲೆಗೆ ಕರೆದುಕೊಂಡು ಹೋಗಿ ಒಂದು ದಿನ ಬಿಡಬೇಕು. ಮಕ್ಕಳು ಮನೆಗೆ ಹೋದ ಮೇಲೆ ಅವರು ಸುತ್ತಾಡಲಿ. ಬಿಸಿಲು ಬೀಳುವ ಗಾಜಿಗೆ ಯಾರೋ ನ್ಯೂಸ್ ಪೇಪರ್ ಅಂಟಿಸಿರುತ್ತಾರೆ. ಕುರ್ಚಿ ಎಳೆಯುವ ಸದ್ದು ತಾಳಲಾರದೆ ಯಾರೋ ಹಳೇ ಟೆನಿಸ್ ಚೆಂಡುಗಳನ್ನು ಕುಯ್ದು ಕುರ್ಚಿ ಕಾಲಿಗೆ ಸಿಕ್ಕಿಸಿರುತ್ತಾರೆ. ಓದುವ ಮೂಲೆ ಬೇಕು ಅಂತ ಬೀರುವನ್ನು ಅಡ್ಡ ತಿರುಗಿಸಿರುತ್ತಾರೆ. ಬಾಗಿಲು ತಾನೇ ಮುಚ್ಚಿಕೊಳ್ಳದ ಹಾಗೆ ಕೆಳಗೊಂದು ಇಟ್ಟಿಗೆ ಕೊಟ್ಟಿರುತ್ತಾರೆ. ಆ ಇಟ್ಟಿಗೆ ಯಾರು ಇಟ್ಟಿದ್ದು, ಯಾವ ಪೀರಿಯಡ್‌ನಲ್ಲಿ, ಯಾಕೆ ಅಂತ ಕೇಳಿಕೊಂಡು ಬಂದು ಆಮೇಲೆ ಪೆನ್ಸಿಲ್ ಹಿಡಿಯಲಿ.